ಅಜ್ಜಿಯ ಪಾವಿಗೊಂದು ಪಟ



ನಿಮ್ಮ ಮನೆಯ ಅಟ್ಟದ ಮೇಲೋ, ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಹಿಂದೆಯೋ ಒಂದು ಹಿತ್ತಾಳೆ ಪಾವು ಇದ್ದೇ ಇರುತ್ತದೆ. ಪಾವಿಲ್ಲದಿದ್ದರೆ ಅಚ್ಚೇರು, ಅಚ್ಚೇರಿಲ್ಲದಿದ್ದರೆ ಸೇರು. ಕೆಲವರ ಮನೆಯಲ್ಲಿ ಅದು ಇನ್ನೂ ಅಕ್ಕಿ ಡಬ್ಬಿಯೊಳಗೆ ಕೂತು ದಿನಾ ಕೆಲಸ ಮಾಡುತ್ತಿದೆ. ಕೆಲವರ ಮನೆಯಲ್ಲಿ ಮಕ್ಕಳು ಪೆನ್ಸಿಲ್ ನಿಲ್ಲಿಸುವ ಡಬ್ಬವಾಗಿದೆ. ಇನ್ನು ಕೆಲವರ ಮನೆಯಲ್ಲಿ ಕಿಲುಬು ಹಿಡಿದು, "ಹಳೇ ಪಾತ್ರೆಗೆ ಹೊಸ ಪಾತ್ರೆ" ಎಂದು ಕೂಗುತ್ತಾ ಬೀದಿಗೆ ಬರುವವನನ್ನು ಕಾಯುತ್ತಿದೆ. ಈ ಸಲ ನಾನು ಹೇಳಹೊರಟಿರುವುದು ಆ ಪಾವಿನ ವಿಷಯ. ಅದನ್ನು ಹುಣಿಸೆಹಣ್ಣು ಹಾಕಿ ಬೆಳಗುವುದು ಹೇಗೆ ಎಂದಲ್ಲ. ಅದು ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಅಳತೆ ಸಮೇತ ಕಾಗದಕ್ಕಿಳಿಸಿ ಇಟ್ಟುಕೊಳ್ಳುವುದು ಹೇಗೆ ಎಂಬುದು.

"ಅಯ್ಯೋ, ಅದಕ್ಯಾಕೆ ಅಷ್ಟು ಪಾಡು? ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರೆ ಆಗಲ್ವೇ?" ಅಂತೀರಿ. ಫೋಟೋ ಹೊಡೆಯಿರಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಮೊಬೈಲಿನಲ್ಲಿ ಬೆಳಗಿನ ಶುಭಾಶಯದ ಹೂವುಗಳು, ಮಕ್ಕಳ ಚಿತ್ರಗಳು, ಮದುವೆ ಮನೆಯ ಚಿತ್ರಗಳು ಎಷ್ಟಿವೆ ಎಂದು ಒಮ್ಮೆ ನೋಡಿ. ಆ ರಾಶಿಯೊಳಗೆ ಪಾವಿನ ಫೋಟೋ ಬಿದ್ದರೆ ಮತ್ತೆ ಕೈಗೆ ಸಿಗುತ್ತದೆಯೇ? ಅಲ್ಲದೆ ಫೋಟೋದಲ್ಲಿ ಪಾವು ಎಷ್ಟು ಎತ್ತರ, ತಗಡು ಎಷ್ಟು ದಪ್ಪ ಎಂಬುದು ತಿಳಿಯುವುದಿಲ್ಲ. ಹಿತ್ತಾಳೆ ಹೊಳೆದ ಕಡೆ ಅಕ್ಷರಗಳು ಅಳಿಸಿದಂತೆ ಕಾಣುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ನೋಡುವುದಕ್ಕೂ ಬರೆಯುವುದಕ್ಕೂ ಅಂತರವಿದೆ. ಎದುರು ಮನೆಯವರ ರಂಗೋಲಿಯನ್ನು ದಿನಾ ನೋಡುತ್ತೇವೆ. ಆದರೆ ಅದು ಎಷ್ಟು ಚುಕ್ಕಿ, ಎಳೆ ಎಲ್ಲಿ ತಿರುಗಿತು ಎಂದು ತಿಳಿಯುವುದು ನಾವೇ ನಮ್ಮ ಬಾಗಿಲ ಮುಂದೆ ಅದನ್ನು ಇಟ್ಟ ದಿನ.

ಪಾವು ಎಂದರೆ ಬರೀ ಡಬ್ಬವಲ್ಲ

ನಮ್ಮ ಮಂಡ್ಯ ಸೀಮೆಯಲ್ಲಿ ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಅದರ ಮೇಲೆ ಕೊಳಗ, ಖಂಡುಗ. ಕೊಳಗದ ಅಳತೆ ಊರಿಂದೂರಿಗೆ ಬೇರೆಯಾಗಿತ್ತು; ಒಂದೂರಿನ ಕೊಳಗ ಇನ್ನೊಂದೂರಿಗೆ ಒಪ್ಪುತ್ತಿರಲಿಲ್ಲ. ಈ ತಾಪತ್ರಯ ತಪ್ಪಿಸಲೆಂದೇ ಭಾರತ ಸರ್ಕಾರ 1956ರಲ್ಲಿ ತೂಕ ಮತ್ತು ಅಳತೆಯ ಕಾನೂನು ತಂದಿತು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋಗ್ರಾಂ, ಆಮೇಲೆ ಲೀಟರ್ ಬಂದವು. ಅಂಗಡಿಯಿಂದ ಸೇರು, ಪಾವು ಹೊರಟುಹೋದವು. ಆದರೆ ಕಾನೂನು ಅಂಗಡಿಗೆ ತಾನೇ? ಅಡುಗೆಮನೆಗೆ ಯಾವ ಅಧಿಕಾರಿಯೂ ತನಿಖೆಗೆ ಬರಲಿಲ್ಲ. ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ ಅಕ್ಕಿಯನ್ನು ಮನೆಯೊಳಗೆ ನಮ್ಮ ತಾಯಂದಿರು ಪಾವಿನ ಲೆಕ್ಕದಲ್ಲೇ ಬೇಯಿಸಿದರು. ನೆಂಟರು ಬಂದರೆ "ಇನ್ನೊಂದು ಪಾವು ಹಾಕು" ಎಂಬ ಮಾತು ಇವತ್ತಿಗೂ ನಮ್ಮ ಬಾಯಲ್ಲಿದೆ.

ಮಾತಿನಲ್ಲಿ ಮಾತ್ರವಲ್ಲ, ಶಾಸ್ತ್ರದಲ್ಲೂ ಅದು ಉಳಿದಿದೆ. ಕಣದಲ್ಲಿ ರಾಶಿ ಅಳೆಯುವಾಗ ಹಿಂದಿನವರು ಮೊದಲ ಅಳತೆಗೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಮದುಮಗಳು ಮನೆ ತುಂಬುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿ ಇಡುವುದು ಸೇರನ್ನೋ ಪಾವನ್ನೋ ತಾನೇ? ಬಲಗಾಲಿನಿಂದ ಅದನ್ನು ಒಳಕ್ಕೆ ಉರುಳಿಸಿ ಬಂದವರಲ್ಲವೇ ನಾವೆಲ್ಲ? ಸ್ಟೀಲ್ ಲೋಟ ಇಟ್ಟು ಆ ಶಾಸ್ತ್ರ ಮುಗಿಸಿದ ಮದುವೆಯನ್ನೂ ಈಚೆಗೆ ನೋಡಿದೆ. ಹುಡುಗಿ ಒಳಗೆ ಬಂದಳು ನಿಜ, ಆದರೆ ಲೋಟ ಟಣ್ಣನೆ ಹಾರಿ ದೇವರಮನೆವರೆಗೆ ಉರುಳಿಕೊಂಡು ಹೋಯಿತು. ಪಾವಿನ ಗಾಂಭೀರ್ಯ ಲೋಟಕ್ಕೆಲ್ಲಿ ಬರಬೇಕು?

ಪಾತ್ರೆಯ ಮೈಮೇಲಿನ ಅಕ್ಷರ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಾವನ್ನು, ಚೊಂಬನ್ನು, ಬಿಂದಿಗೆಯನ್ನು ಬೆಳಕಿಗೆ ಹಿಡಿದು ಒಮ್ಮೆ ಸುತ್ತಲೂ ತಿರುಗಿಸಿ ನೋಡಿ. ಬಾಯಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿರುತ್ತದೆ. ಪಾತ್ರೆ ಅಂಗಡಿಯಲ್ಲಿ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೂತವರು ಟಿಕ್ ಟಿಕ್ ಎಂದು ಹೊಡೆದು ಮೂಡಿಸಿದ ಅಕ್ಷರಗಳು ಅವು. ಈಗ ಅದನ್ನು ಯಂತ್ರದಲ್ಲಿ ಕೊರೆಯುತ್ತಾರೆ. ಯಾರ ಹೆಸರು ಎಂದು ಓದಿ. ಮಗಳಿಗೆ ಕೊಟ್ಟ ಪಾತ್ರೆಯಾದರೆ ಬಹುಪಾಲು ಹೆಣ್ಣಿನ ಹೆಸರೇ ಇರುತ್ತದೆ.

ನಮ್ಮ ಮನೆಯ ಪಾವಿನ ಮೇಲೆ ನಮ್ಮ ಅಜ್ಜಿಯ ಹೆಸರಿದೆ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಅವರ ತವರಿನವರು ಕೊಟ್ಟ ಪಾವು ಅದು. ನಮ್ಮವ್ವ ಮದ್ದೂರಿಗೆ ಸೊಸೆಯಾಗಿ ಬಂದಾಗ ಅವ್ವನ ಜೊತೆ ಬಂತು. ಜಮೀನಿನ ಪಹಣಿಯಲ್ಲಿ ತಾತನ ಹೆಸರಿದೆ, ಆಮೇಲೆ ಮಾವಂದಿರ ಹೆಸರು. ಮನೆ ಕಂದಾಯದ ರಸೀತಿಯಲ್ಲೂ ಅವರದೇ. ನಮ್ಮಲ್ಲಿರುವ ಕಾಗದ ಪತ್ರಗಳನ್ನೆಲ್ಲ ತಿರುವಿ ಹಾಕಿದರೂ ಅಜ್ಜಿಯ ಹೆಸರು ಒಂದು ಕಡೆಯೂ ಇಲ್ಲ. ಅರವತ್ತು ವರ್ಷ ಆ ಮನೆಯವರಿಗೆಲ್ಲ ಅಳೆದು ಬೇಯಿಸಿ ಹಾಕಿದವರ ಹೆಸರು ಬರೆದ ರೂಪದಲ್ಲಿ ಉಳಿದಿರುವುದು ಅಂಗೈಯಗಲದ ಹಿತ್ತಾಳೆಯ ಮೇಲೆ ಮಾತ್ರ. ನಿಮ್ಮ ಮನೆಯ ಕಥೆ ಬೇರೆ ಇದ್ದೀತೇ, ಹೇಳಿ?

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ವಿಷಯ ನೀವು ಕೇಳಿರಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 949ರ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಎಂಬ ವೀರ ಯುದ್ಧದಲ್ಲಿ ಗೆದ್ದು, ಬಹುಮಾನವಾಗಿ ಗಂಗರ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಹೆಸರು ಕೊರೆಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಮೇಲೂ ಕಾಳಿಯ ಹೆಸರು ನಮಗೆ ಗೊತ್ತು. ಒಳ್ಳೆಯದೇ, ನಿಯತ್ತಿನ ನಾಯಿ, ಹೆಸರು ಉಳಿಯಲಿ. ಆದರೆ ನಮ್ಮ ಅಜ್ಜಿಯರಿಗೆ ಯಾರು ಕಲ್ಲು ನಿಲ್ಲಿಸಿದರು? ಅವರ ಶಾಸನವೆಂದರೆ ಈ ಪಾವು, ಈ ಚೊಂಬು. ಪಾತ್ರೆಯವನ ತಕ್ಕಡಿಗೆ ಬಿದ್ದರೆ ಅವನು ಹೆಸರನ್ನು ಓದುವುದಿಲ್ಲ, ತೂಕವನ್ನಷ್ಟೇ ನೋಡುತ್ತಾನೆ. ಕುಲುಮೆಯಲ್ಲಿ ಕರಗಿದ ಹಿತ್ತಾಳೆಗೆ ತವರೂ ಇಲ್ಲ, ಹೆಸರೂ ಇಲ್ಲ.

ಇನ್ನೊಂದು ತೊಡಕೂ ಉಂಟು. ನಾವು ಅಕ್ಕತಂಗಿಯರು ಮೂವರು, ಪಾವು ಒಂದು. ಅಕ್ಕ ಮಳವಳ್ಳಿಯಲ್ಲಿದ್ದಾಳೆ, ತಂಗಿ ಬೆಂಗಳೂರಿನಲ್ಲಿ, ನಾನು ಮಂಡ್ಯದಲ್ಲಿ. ಚಿನ್ನವಾದರೆ ಕರಗಿಸಿ ಮೂರು ಪಾಲು ಮಾಡಬಹುದು, ಸೀರೆಯಾದರೆ ಸರದಿಯ ಮೇಲೆ ಉಡಬಹುದು. ಪಾವನ್ನು ಏನು ಮಾಡುವುದು? ಅಳೆದೂ ಸುರಿದೂ ಕೊನೆಗೆ ಹೊಳೆದ ಉಪಾಯವೇ ಈ ಚಿತ್ರ. ಪಾವು ಯಾರ ಮನೆಯಲ್ಲಾದರೂ ಇರಲಿ. ಅದರ ಆಕಾರ, ಅಳತೆ, ಅಕ್ಷರ ಮೂವರ ಮನೆಯಲ್ಲೂ ಇರಲಿ ಎಂದುಕೊಂಡೆವು.

ಬೇಕಾಗುವ ಸಾಮಾನು

ಒಂದು ಹಳೇ ಪಾವು. ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್. ಮಕ್ಕಳು ಓದಿ ಬಿಟ್ಟ ಹಳೆಯದಾದರೂ ಸರಿ. ಒಂದು ಮೌಸ್ (ಅಟ್ಟದ ಮೇಲಿನ ಇಲಿಯಂತಲ್ಲ, ಇದು ಹೇಳಿದ ಮಾತು ಕೇಳುತ್ತದೆ). ಮೊಬೈಲ್ ಫೋನು, ಫೋಟೋ ತೆಗೆಯಲು. ಶಾಲೆಯ ಮಕ್ಕಳ ಅಡಿಪಟ್ಟಿ, ತೆಳುವಾದ ಬಿಳಿ ಕಾಗದ, ಮೆತ್ತನೆಯ ಪೆನ್ಸಿಲ್. ಮೂರು ನಾಲ್ಕು ಮಧ್ಯಾಹ್ನಗಳ ಬಿಡುವು. ಮತ್ತು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ.

ಈ ಇಂಕ್‌ಸ್ಕೇಪ್‌ಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಊರೂರಿನವರು ಸೇರಿ 2003ರಿಂದ ಬೆಳೆಸಿಕೊಂಡು ಬಂದಿರುವ ಸ್ವತಂತ್ರ ತಂತ್ರಾಂಶ ಅದು. ಅಂತರ್ಜಾಲದಿಂದ ಇಳಿಸಿಕೊಂಡು ಹಾಕಿಕೊಂಡರಾಯಿತು. ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗಳಲ್ಲಿ ಬಳಸುವ ಕೋರೆಲ್‌ಡ್ರಾ ಗೊತ್ತಿದ್ದವರಿಗೆ ಇದೂ ಅದೇ ಜಾತಿಯದು ಎಂದರೆ ಅರ್ಥವಾದೀತು. ಫೋಟೋ ಎಂದರೆ ಸಣ್ಣ ಸಣ್ಣ ಬಣ್ಣದ ಚೌಕಗಳ ರಾಶಿ, ಹಿಗ್ಗಿಸಿದರೆ ಮಸುಕಾಗುತ್ತದೆ. ಇಂಕ್‌ಸ್ಕೇಪ್‌ನ ಚಿತ್ರ ಹಾಗಲ್ಲ. ಎಲ್ಲೆಲ್ಲಿ ಚುಕ್ಕಿ, ಗೆರೆ ಹೇಗೆ ಬಾಗಿದೆ ಎಂಬ ಲೆಕ್ಕವನ್ನು ಅದು ಇಟ್ಟುಕೊಳ್ಳುತ್ತದೆ. ಹಾಗಾಗಿ ಬೆರಳುಗುರಿನಷ್ಟು ಮಾಡಿದರೂ, ಗೋಡೆಯಷ್ಟು ಮಾಡಿದರೂ ಅಂಚು ಕೆಡುವುದಿಲ್ಲ.

ಚುಕ್ಕಿ, ಗೆರೆ ಎಂದ ಮೇಲೆ ನಮಗೆ ಭಯವೇಕೆ? ಚುಕ್ಕಿ ಇಟ್ಟು ಎಳೆ ಎಳೆಯುವುದನ್ನು ಏಳನೇ ವಯಸ್ಸಿಗೇ ಕಲಿತವರಲ್ಲವೇ ನಾವು? ಫ್ರಾನ್ಸಿನ ರೆನೋ ಕಾರು ಕಾರ್ಖಾನೆಯ ಪಿಯರ್ ಬೆಜಿಯೆ ಎಂಬ ಎಂಜಿನಿಯರು 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳಿಗಾಗಿ ಬಳಸಿದ ಲೆಕ್ಕವೇ ಈ ಗೆರೆಗಳಿಗೆ ಆಧಾರ. ಅವನ ಹೆಸರೇ ಆ ಗೆರೆಗೂ ನಿಂತಿದೆ. ನಮ್ಮ ರಂಗೋಲಿಯಲ್ಲಿ ಬೆರಳು ಮಾಡುವ ಕೆಲಸವನ್ನು ಅಲ್ಲಿ ಮೌಸ್ ಮಾಡುತ್ತದೆ, ಅಷ್ಟೇ.

ಬರೆಯುವ ಕ್ರಮ

1. ಮೊದಲು ಅಳತೆ. ಪಾವಿನ ಹೊರಗಿನ ಎತ್ತರ, ಬಾಯಂಚಿನ ಅಗಲ, ನಡುವಿನ ಅಗಲ, ಬುಡದ ಅಗಲ, ಮೈಮೇಲಿನ ಕಟ್ಟುಗಳು ಎಷ್ಟು ಎತ್ತರದಲ್ಲಿವೆ ಎಂಬುದನ್ನೆಲ್ಲ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ನಮ್ಮ ಪಾವು 68 ಮಿ.ಮೀ. ಎತ್ತರ, ಬಾಯಂಚು ಹೊರಕ್ಕೆ ಮಡಚಿರುವುದರಿಂದ ಅಲ್ಲಿ 78, ನಡುವಿನಲ್ಲಿ 74.

2. ಫೋಟೋ. ಬಿಸಿಲಿನಲ್ಲಿ ಬೇಡ, ಹಿತ್ತಾಳೆ ಕಣ್ಣು ಕುಕ್ಕುತ್ತದೆ. ಮೋಡ ಕವಿದ ಹೊತ್ತಿನಲ್ಲಿ ಜಗಲಿಯ ಮೇಲೆ, ಹಿಂದೆ ಬಿಳೀ ಪಂಚೆ ಇಳಿಬಿಟ್ಟು ಇಡಿ. ಮೊಬೈಲನ್ನು ಪಾವಿನ ನಡುಮಟ್ಟಕ್ಕೆ ಹಿಡಿಯಿರಿ. ಹತ್ತಿರ ಹೋಗಿ ತೆಗೆದರೆ ಪಾವು ಹೊಟ್ಟೆ ಉಬ್ಬಿದಂತೆ ಬರುತ್ತದೆ. ಐದಾರು ಅಡಿ ದೂರ ನಿಂತು, ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ತೆಗೆಯಿರಿ.

3. ಇಂಕ್‌ಸ್ಕೇಪ್ ತೆರೆದು, ಹಾಳೆಯನ್ನು ಎ4 ಗಾತ್ರಕ್ಕೆ, ಅಳತೆಯನ್ನು ಮಿಲಿಮೀಟರಿಗೆ ಹೊಂದಿಸಿ. ಚೌಕದ ಗುರುತನ್ನು ಒತ್ತಿ ಒಂದು ಆಯತ ಎಳೆಯಿರಿ. ಮೇಲಿನ ಪಟ್ಟಿಯಲ್ಲಿ ಅದರ ಅಗಲ 78, ಎತ್ತರ 68 ಎಂದು (ನಿಮ್ಮ ಪಾವಿನ ಅಳತೆ ಏನೋ ಅದು) ಬರೆಯಿರಿ. ಇದು ಪಾವು ಕೂರುವ ಪೆಟ್ಟಿಗೆ.

4. ಫೋಟೋವನ್ನು ಒಳಕ್ಕೆ ತನ್ನಿ. "ಇಂಪೋರ್ಟ್" ಎಂಬ ಆಜ್ಞೆ ಅದಕ್ಕೇ ಇದೆ. ಕಂಟ್ರೋಲ್ ಕೀಲಿ ಒತ್ತಿಹಿಡಿದು ಮೂಲೆಯಿಂದ ಎಳೆದರೆ ಉದ್ದಗಲದ ಪ್ರಮಾಣ ಕೆಡದೆ ಹಿಗ್ಗುತ್ತದೆ, ಕುಗ್ಗುತ್ತದೆ. ಪಾವು ಆ ಪೆಟ್ಟಿಗೆಯೊಳಗೆ ಸರಿಯಾಗಿ ಕೂರುವವರೆಗೆ ಹೊಂದಿಸಿ. ಆಮೇಲೆ ಫೋಟೋವನ್ನು ತೆಳುವಾಗಿಸಿ, ಅಲುಗದ ಹಾಗೆ ಬೀಗ ಹಾಕಿ.

5. ಈಗ ಅರ್ಧ ಪಾವು ಮಾತ್ರ ಬರೆಯಬೇಕು! ನಮ್ಮ ಮದ್ದೂರಿನ ಪಕ್ಕದ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಉಳಿಯನ್ನು ಒಂದೇ ಪಕ್ಕದಲ್ಲಿ ಹಿಡಿಯುತ್ತಾರೆ, ಸುತ್ತಲೂ ಒಂದೇ ಆಕಾರ ಬರುತ್ತದೆ. ಇಲ್ಲೂ ಹಾಗೇ. ಬಿ ಕೀಲಿ ಒತ್ತಿದರೆ ಲೇಖನಿ ಬರುತ್ತದೆ. ಬಾಯಂಚಿನ ನಡುವಿನಿಂದ ಶುರುಮಾಡಿ, ಎಡಗಡೆಯ ಅಂಚಿಗೆ ಬಂದು, ಮೈಯನ್ನು ಅನುಸರಿಸಿ ಕೆಳಗಿಳಿದು, ಬುಡದ ನಡುವಿಗೆ ತಂದು ನಿಲ್ಲಿಸಿ. ನೇರ ಇದ್ದ ಕಡೆ ಒಂದು ಸಲ ಒತ್ತಿ. ಬಾಗು ಇದ್ದ ಕಡೆ ಒತ್ತಿ ಹಿಡಿದು ಎಳೆಯಿರಿ, ಗೆರೆ ತಾನೇ ಬಾಗುತ್ತದೆ. ಚುಕ್ಕಿ ಕಡಿಮೆ ಇಟ್ಟಷ್ಟೂ ಗೆರೆ ನಯ. ಎನ್ ಕೀಲಿ ಒತ್ತಿದರೆ ಇಟ್ಟ ಚುಕ್ಕಿಗಳನ್ನು ಆಮೇಲೆ ಸರಿಸಬಹುದು. ಕೈ ತಪ್ಪಿತೇ? ಕಂಟ್ರೋಲ್ ಹಿಡಿದು ಝಡ್ ಒತ್ತಿ, ಮಾಡಿದ್ದು ಇಲ್ಲವಾಗುತ್ತದೆ. ಈ ಸೌಕರ್ಯ ಸಾರಿಗೆ ಉಪ್ಪು ಹಾಕುವಾಗಲೂ ಇದ್ದಿದ್ದರೆ!

6. ಅರ್ಧವನ್ನು ಆಯ್ದು, ಕಂಟ್ರೋಲ್ ಮತ್ತು ಡಿ ಒತ್ತಿದರೆ ಅದರದೇ ಪ್ರತಿ ಬರುತ್ತದೆ. ಎಚ್ ಒತ್ತಿದರೆ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಕಂಟ್ರೋಲ್ ಹಿಡಿದು ಬಲಕ್ಕೆ ಎಳೆದು ಎರಡರ ತುದಿ ಕೂಡಿಸಿ. ಎರಡನ್ನೂ ಆಯ್ದು ಕಂಟ್ರೋಲ್ ಮತ್ತು ಕೆ ಒತ್ತಿ ಒಂದು ಮಾಡಿ. ಮೇಲಿನ ಎರಡು ತುದಿಚುಕ್ಕಿಗಳನ್ನು ಆಯ್ದು ಶಿಫ್ಟ್ ಮತ್ತು ಜೆ ಒತ್ತಿ ಬೆಸೆಯಿರಿ, ಕೆಳಗಿನದಕ್ಕೂ ಹಾಗೇ. ಪೂರಾ ಪಾವು ಸಿದ್ಧ. ಬಾಯಿಗೆ ಒಂದು ಚಪ್ಪಟೆ ಮೊಟ್ಟೆಯಾಕಾರ ಇಡಿ. ಇ ಕೀಲಿಯಲ್ಲಿ ಅದು ಸಿಗುತ್ತದೆ.

7. ಬಣ್ಣ. ಹಿತ್ತಾಳೆ ಎಂದರೆ ಬರೀ ಹಳದಿ ಎಂದುಕೊಂಡು ಒಂದೇ ಬಣ್ಣ ತುಂಬಿದರೆ ಪ್ಲಾಸ್ಟಿಕ್ ಡಬ್ಬದ ಹಾಗೆ ಕಾಣುತ್ತದೆ. ಪಾವನ್ನು ಎದುರಿಗಿಟ್ಟು ನೋಡಿ: ಎಡ ಅಂಚಿನಲ್ಲಿ ಕಂದು, ಒಳಗೆ ಬಂದಂತೆ ಅರಿಸಿನ, ಬೆಳಕು ಬಿದ್ದ ಕಡೆ ಬೆಣ್ಣೆಯ ಬಿಳುಪು, ಮತ್ತೆ ಅರಿಸಿನ, ಬಲ ಅಂಚಿಗೆ ಕಂದು. ಇದಕ್ಕೆ ಗ್ರೇಡಿಯಂಟ್ ಎಂಬ ಸಾಧನವಿದೆ. ಜಿ ಕೀಲಿ ಒತ್ತಿ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಅದರ ಮೇಲೆ ಎರಡು ಸಲ ಒತ್ತಿದ ಕಡೆಯೆಲ್ಲ ಒಂದೊಂದು ಬಣ್ಣ ಸೇರಿಸಬಹುದು. ಡಿ ಕೀಲಿ ಒತ್ತಿದರೆ ಫೋಟೋದಿಂದಲೇ ಬಣ್ಣ ಎತ್ತಿಕೊಳ್ಳಬಹುದು.

8. ಹೆಸರು. ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಕೊರೆದ ಅಕ್ಷರದ ಮೇಲೆ ತೆಳು ಕಾಗದ ಬಿಗಿಯಾಗಿ ಸುತ್ತಿ, ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಚುಕ್ಕಿಗಳು ಬಿಳಿಯಾಗಿ ಎದ್ದು ಬರುತ್ತವೆ. ಶಾಸನ ಓದುವವರೂ ಕಲ್ಲಿನ ಮೇಲೆ ಕಾಗದ ಒತ್ತಿ, ಮಸಿ ಸವರಿ ಪ್ರತಿ ತೆಗೆಯುತ್ತಾರೆ. ಆ ಕಾಗದದ ಫೋಟೋ ತೆಗೆದು, ಚಿತ್ರದ ಮೇಲಿಟ್ಟು, ಚುಕ್ಕಿಗೆ ಚುಕ್ಕಿ ಇಡುತ್ತಾ ಹೋಗಿ. ಕಂಪ್ಯೂಟರಿನ ಅಂದದ ಅಚ್ಚಕ್ಷರದಲ್ಲಿ ಹೆಸರನ್ನು ಬೆರಳಚ್ಚು ಮಾಡಿ ಅಂಟಿಸಬೇಡಿ. ಕೊರೆದವನ ಕೈಯ ಒತ್ತಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ನಮ್ಮ ಅಜ್ಜಿಯ ಹೆಸರಿನ ಕೊನೆಗೆ ಕೊರೆದವನು ಜಾಗ ಸಾಲದೆ ದೀರ್ಘವನ್ನು ಮೇಲಕ್ಕೆ ಏರಿಸಿಬಿಟ್ಟಿದ್ದಾನೆ. ಅದನ್ನು ತಿದ್ದಿದರೆ ಅದು ನಮ್ಮ ಪಾವಾಗಿ ಉಳಿಯುವುದಿಲ್ಲ.

ನೆಗ್ಗನ್ನು ಏನು ಮಾಡುವುದು?

ಅರ್ಧ ಬರೆದು ಮಗುಚಿದೆವಲ್ಲ, ಚಿತ್ರದಲ್ಲಿ ಎರಡು ಪಕ್ಕವೂ ತೂಕ ಹಾಕಿದಂತೆ ಸಮನಾಗಿ ಬಂದಿರುತ್ತದೆ. ಆದರೆ ಯಾವ ಹಳೇ ಪಾವು ಹಾಗಿರುತ್ತದೆ, ಹೇಳಿ? ಒಂದು ಕಡೆ ಬಿದ್ದು ನೆಗ್ಗಿರುತ್ತದೆ, ಬಾಯಂಚು ಸವೆದಿರುತ್ತದೆ. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ. ಅದು ಇದ್ದದ್ದಕ್ಕಿಂತ ಚೆಂದ ಮಾಡಿ ಕೊಡುತ್ತದೆ, ಫೋಟೋ ಸ್ಟುಡಿಯೋದವರು ಮದುಮಗಳ ಮಚ್ಚೆ ಅಳಿಸಿ ಕೊಡುವ ಹಾಗೆ.

ನೆಗ್ಗನ್ನು ಬಿಡಬೇಡಿ ಎಂದೇ ನನ್ನ ಸಲಹೆ. ಎರಡು ಚಿತ್ರ ಮಾಡಿ. ಒಂದು ಅಂಗಡಿಯಿಂದ ಬಂದ ದಿನ ಇದ್ದ ಹಾಗೆ; ಇನ್ನೊಂದು ಈಗಿರುವ ಹಾಗೆ, ನೆಗ್ಗು ಸಮೇತ. ಎರಡನೆಯದನ್ನು ಮಾಡುವುದು ಸುಲಭ: ಎನ್ ಒತ್ತಿ, ನೆಗ್ಗಿದ ಕಡೆ ಒಂದೆರಡು ಚುಕ್ಕಿ ಸೇರಿಸಿ, ಒಳಕ್ಕೆ ತಳ್ಳಿದರಾಯಿತು. ನಾನು ಇದನ್ನು ಮಾಡುತ್ತ ಕೂತಿದ್ದಾಗ ನಮ್ಮವ್ವ ಮದ್ದೂರಿನಿಂದ ಬಂದಿದ್ದರು. ಕನ್ನಡಕ ಏರಿಸಿ ನೋಡಿ, "ಅದೇನವ್ವಾ, ಪಾವ್ನ ಪಕ್ಕದಲ್ಲಿ ಮಡೀಕಂಡು ಪಾವಿನ ಪಟ ಬರೀತಾ ಕುಂತಿದ್ದೀಯ?" ಎಂದರು. ತೆರೆಯ ಮೇಲಿನ ನೆಗ್ಗನ್ನು ಕಂಡಿದ್ದೇ ತಡ, "ಇದು ಬಾವಿಕಟ್ಟೇಲಿ ಬಿದ್ದಿದ್ದು. ಬರಗಾಲದೊರ್ಸ. ನಿಮ್ಮಜ್ಜಿ ಪಕ್ಕದ ಮನೆಯೋರ್ಗೆ ರಾಗಿ ಅಳ್ದು ಕೊಟ್ಟು ಬರೋವಾಗ ಜಾರ್ತು. ಕೊಟ್ಟಿದ್ನ ಮನೇಲಿ ಯಾರ್ಗೂ ಹೇಳ್ಬೇಡ ಅಂದಿದ್ರು ನಂಗೆ" ಎಂದರು. ಪಾವು ನಲವತ್ತು ವರ್ಷದಿಂದ ನನ್ನ ಕಣ್ಣಮುಂದೆ ಇದ್ದರೂ ಈ ಮಾತು ನನ್ನ ಕಿವಿಗೆ ಬಿದ್ದದ್ದು ಅಂದೇ. ಹಾಗಾಗಿ ಸೋದರಿಯರೇ, ಚಿತ್ರ ಬರೆಯುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಇದು ಹೇಗೆ ನೆಗ್ಗಿತು? ಈ ಕಟ್ಟು ಯಾಕೆ ಸಡಿಲ?" ಎಂದು ಒಂದೊಂದಾಗಿ ಕೇಳಿ. ಸುಮ್ಮನೆ "ಹಳೇ ಕಥೆ ಹೇಳಿ" ಎಂದರೆ ಅವರಿಗೆ ಏನೂ ಹೊಳೆಯುವುದಿಲ್ಲ. ನೆಗ್ಗು ತೋರಿಸಿದರೆ ತಾನಾಗಿ ಬರುತ್ತದೆ.

ಅಳತೆಯನ್ನೂ ಬರೆದಿಡಿ

ಇದು ನಮ್ಮ ಅಡುಗೆಗೇ ಬೇಕಾದ ಮಾತು. ಅವ್ವಂದಿರ ಅಡುಗೆ ಪುಸ್ತಕದಲ್ಲಿ "ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು" ಎಂದಿದ್ದರೆ ತೊಂದರೆಯಿಲ್ಲ. ಯಾವ ಲೋಟದಲ್ಲಿ ಅಳೆದರೂ ಮೂರಕ್ಕೆ ಒಂದೇ. ಆದರೆ "ಒಂದು ಪಾವು ಅಕ್ಕಿಗೆ ಒಂದು ಹೋಳು ಕಾಯಿ, ಆರು ಏಲಕ್ಕಿ, ಎರಡು ಚಮಚ ತುಪ್ಪ" ಎಂದಿದ್ದರೆ? ಪಾವೇ ಇಲ್ಲದ ಮನೆಯಲ್ಲಿ ಆ ಪಾಯಸ ಹದಕ್ಕೆ ಬರುವುದು ಹೇಗೆ?

ಆದ್ದರಿಂದ ಚಿತ್ರದ ಕೆಳಗೆ ಪಾವು ಎಷ್ಟು ಹಿಡಿಯುತ್ತದೆ ಎಂದು ಬರೆಯಿರಿ. ಒಳಗೋಡೆ ನೇರವಾಗಿದ್ದರೆ ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು. ನಮ್ಮ ಪಾವಿನ ಒಳಗಿನ ಅಗಲ 7 ಸೆಂ.ಮೀ., ಆಳ 6.5 ಸೆಂ.ಮೀ. ಅಗಲದ ಅರ್ಧ 3.5. ಹಾಗಾದರೆ 3.5 × 3.5 × 3.14 × 6.5, ಬರುವುದು 250 ಘನ ಸೆಂ.ಮೀ., ಅಂದರೆ ಕಾಲು ಲೀಟರ್. ಲೆಕ್ಕ ಬೇಡವೆಂದರೆ ಅಡುಗೆಮನೆಯ ತಕ್ಕಡಿಯ ಮೇಲೆ ಪಾವನ್ನು ಇಟ್ಟು, ಅಂಚಿನವರೆಗೆ ನೀರು ತುಂಬಿ ನೋಡಿ. ಪಾವಿನ ತೂಕ ಕಳೆದು ಉಳಿದ ಒಂದೊಂದು ಗ್ರಾಂ ನೀರಿಗೆ ಒಂದೊಂದು ಮಿಲಿಲೀಟರ್. ನೆಗ್ಗಿದ ಪಾವಿಗೆ ಈ ಎರಡನೆಯ ದಾರಿಯೇ ಸರಿ. 250 ಮಿ.ಲೀ. ಪಾವಿನಲ್ಲಿ ಮೇಲೆ ಕೈಯಾಡಿಸಿ ಸಮ ಮಾಡಿ ಅಳೆದರೆ ಅಕ್ಕಿ ಸುಮಾರು 200 ಗ್ರಾಂ ಬರುತ್ತದೆ. ಗೋಪುರ ಬರುವ ಹಾಗೆ ತುಂಬಿದರೆ ಹೆಚ್ಚು. ನಿಮ್ಮ ಮನೆಯಲ್ಲಿ ಯಾವ ರೂಢಿ ಎಂಬುದನ್ನೂ ಬರೆಯಿರಿ. ಸೇರಿಗೆ ಸವ್ವಾಸೇರು ಆಗುವುದು ಅಲ್ಲೇ ತಾನೇ!

ಹಳೇ ಮಡಕೆ ಕುಡಿಕೆಗಳ ಚಿತ್ರ ಬರೆಯುವ ಪುರಾತತ್ವದವರು ಇನ್ನೊಂದು ಜಾಣತನ ಮಾಡುತ್ತಾರೆ: ಒಂದು ಅರ್ಧದಲ್ಲಿ ಹೊರಮೈ, ಇನ್ನೊಂದು ಅರ್ಧದಲ್ಲಿ ಸೀಳಿ ಇಟ್ಟರೆ ಒಳಗೆ ಹೇಗೆ ಕಾಣುತ್ತದೋ ಹಾಗೆ. ತಗಡಿನ ದಪ್ಪ, ಒಳಗಿನ ಆಳ ಒಂದೇ ನೋಟಕ್ಕೆ ತಿಳಿಯುತ್ತದೆ. ಆಸಕ್ತಿ ಇದ್ದವರು ಇದನ್ನೂ ಮಾಡಬಹುದು. ಚಿತ್ರದ ಪಕ್ಕ ಕನ್ನಡದಲ್ಲಿ ವಿವರ ಬರೆಯುವಾಗ ಯುನಿಕೋಡ್ ಅಕ್ಷರವನ್ನೇ ಬಳಸಿ. ಹಳೇ ಬಗೆಯ ಅಕ್ಷರವಾದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಿಸಿಕೊಳ್ಳಬಹುದು. ಅಚ್ಚು ಹಾಕಿಸುವಾಗ ಅಂಗಡಿಯವರಿಗೆ "ಹಾಳೆಗೆ ಹೊಂದಿಸಬೇಡಿ, ಇದ್ದ ಗಾತ್ರಕ್ಕೇ ಹಾಕಿ" ಎಂದು ಒತ್ತಿ ಹೇಳಿ. ಮನೆಗೆ ತಂದು ಅಡಿಪಟ್ಟಿ ಇಟ್ಟು ನೋಡಿ, 68 ಮಿ.ಮೀ. ಎಂದರೆ 68 ಇರಬೇಕು.

ಕೊನೆಯದಾಗಿ

ಇಂಥ ಕೆಲಸವನ್ನು ದೊಡ್ಡದಾಗಿ ಮಾಡಿದವರು ನಮ್ಮ ಜಿಲ್ಲೆಯವರೇ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ರಾಮನಗರದ ಬಳಿ ಜಾನಪದ ಲೋಕ ಮಾಡಿದರು. ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇದೆ, ಒಮ್ಮೆ ಇಳಿದು ನೋಡಿ. ಅಲ್ಲಿನ ಲೋಕಮಹಲಿನಲ್ಲಿ ನಮ್ಮ ಅಜ್ಜಿಯರ ಅಡುಗೆಮನೆ, ಕಣ, ಕೊಟ್ಟಿಗೆಯ ಸಾಮಾನೆಲ್ಲ ಕಾಣಸಿಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಜಾನಪದ ವಸ್ತುಸಂಗ್ರಹಾಲಯವಿದೆ. ಅದನ್ನು ಬೆಳೆಸಿದವರಲ್ಲಿ ನಾಗಮಂಗಲ ಸೀಮೆಯ ಜೀ.ಶಂ. ಪರಮಶಿವಯ್ಯನವರೂ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಇದ್ದಾರೆ. ಆದರೆ ಊರಿನ ಎಲ್ಲ ಪಾವುಗಳೂ ವಸ್ತುಸಂಗ್ರಹಾಲಯಕ್ಕೆ ಹೋಗಲಾರವು. ಮನೆಯ ಸಾಮಾನಿಗೆ ಮನೆಯಾಕೆಯೇ ಸಂಗ್ರಹಾಲಯ.

ನಮ್ಮ ಪಾವು ಈಗ ಮಳವಳ್ಳಿಯಲ್ಲಿದೆ. ಅಕ್ಕನ ಮಗನ ಮದುವೆಯಾಯಿತು. ಬಂದ ಹುಡುಗಿ ಅದನ್ನೇ ಬಲಗಾಲಿನಲ್ಲಿ ಉರುಳಿಸಿ ಒಳಗೆ ಬಂದಳು. ಹೊರಟಿದ್ದ ಊರಿನ ಕಡೆಗೇ ಅಜ್ಜಿಯ ಪಾವು ಮರಳಿತು. ಚಿತ್ರದ ಒಂದು ಪ್ರತಿ ಮಂಡ್ಯದಲ್ಲಿ ನಮ್ಮ ಅಡುಗೆಮನೆಯ ಬಾಗಿಲ ಮೇಲೆ, ಒಂದು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ, ಇನ್ನೊಂದು ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗೆ. ಚಿತ್ರದ ಕೆಳಗೆ ಅಜ್ಜಿಯ ಹೆಸರು, ಅವರ ತವರೂರು, ಪಾವಿನ ಅಳತೆ, ನೆಗ್ಗಿದ ಕಾರಣ ಎಲ್ಲ ನಾಲ್ಕು ಸಾಲಿನಲ್ಲಿ ಬರೆದಿದ್ದೇನೆ. ಆ ರಾಗಿಯ ಮಾತನ್ನು ಬರೆಯಲೋ ಬೇಡವೋ ಎಂದು ಅವ್ವನನ್ನು ಕೇಳಿದ್ದಕ್ಕೆ, "ಬರಿ. ಈಗ ಬಯ್ಯೋಕೆ ಯಾರವ್ರೆ?" ಎಂದರು.

ಈ ಹಬ್ಬಕ್ಕೆ ಪಾತ್ರೆ ಬೆಳಗಲು ಅಟ್ಟದಿಂದ ಇಳಿಸುತ್ತೀರಲ್ಲ, ಆಗ ಒಂದೊಂದರ ಮೇಲಿನ ಹೆಸರನ್ನು ಓದಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಕಂಪ್ಯೂಟರ್ ಸಿಕ್ಕಾಗ ಚಿತ್ರ ಬರೆಯುವಿರಂತೆ. ಹಳೇ ಪಾತ್ರೆಯವನು ಬಂದರೆ, ಹೆಸರಿಲ್ಲದವನ್ನು ಕೊಡುವ ಬಗ್ಗೆ ಬೇಕಾದರೆ ಯೋಚಿಸಿ. ಹೆಸರಿದ್ದದ್ದನ್ನು ಮಾತ್ರ ಪಟ ಮಾಡದೆ ಮನೆಯಿಂದ ಆಚೆ ಕಳಿಸಬೇಡಿ.